ಆ್ಯಪ್‌ನೊಳಗಿನ ಹುಳು ಹುಡುಕೋಣ ಬನ್ನಿ

ಮಕ್ಕಳೇ, ಮೊಬೈಲ್ ಫೋನು ನಿಮಗೆ ಹೊಸದೇನಲ್ಲ. ಅದರ ಪರದೆಯ ಮೇಲೆ ಸಾಲಾಗಿ ಕುಳಿತಿರುವ ಚಿಕ್ಕ ಚಿಕ್ಕ ಚಿತ್ರಗಳನ್ನು ನೋಡಿದ್ದೀರಿ. ಒಂದನ್ನು ಒತ್ತಿದರೆ ಹವಾಮಾನ ತಿಳಿಯುತ್ತದೆ. ಇನ್ನೊಂದನ್ನು ಒತ್ತಿದರೆ ಹಣ ಕಳಿಸಬಹುದು. ಮತ್ತೊಂದು ಆಟ ಆಡಿಸುತ್ತದೆ. ಇವುಗಳಿಗೆ ‘ಆ್ಯಪ್’ ಎನ್ನುತ್ತಾರೆ.

ಆ್ಯಪ್ ಕೆಲವೊಮ್ಮೆ ಕೈಕೊಡುವುದನ್ನೂ ನೀವು ನೋಡಿರಬಹುದು. ಒತ್ತಿದ ಕೂಡಲೇ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಲೇ ಇರುತ್ತದೆ, ಮುಂದೆ ಏನೂ ಆಗುವುದಿಲ್ಲ. ಆಗ ಮನೆಯಲ್ಲಿ ಏನು ಮಾಡುತ್ತಾರೆ? ಫೋನನ್ನು ಅಂಗೈಗೆ ಎರಡು ಸಲ ತಟ್ಟುತ್ತಾರೆ, ಆರಿಸಿ ಮತ್ತೆ ಹಚ್ಚುತ್ತಾರೆ, “ಈ ಫೋನೇ ಸರಿಯಿಲ್ಲ” ಎಂದು ಬೈಯುತ್ತಾರೆ.

ಆ್ಯಪ್ ತಯಾರಿಸುವವರಿಗೂ ಹೀಗೆಯೇ ತಲೆಬಿಸಿಯಾಗುತ್ತದೆ. ಆದರೆ ಅವರು ಬೈದು ಸುಮ್ಮನಾಗುವಂತಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕಲೇಬೇಕು. ಹೇಗೆ ಹುಡುಕುತ್ತಾರೆ? ಅದಕ್ಕೊಂದು ಕ್ರಮವಿದೆ. ಆ ಕ್ರಮವನ್ನು ಕಲಿಯಲು ಕಂಪ್ಯೂಟರ್ ಬೇಕಿಲ್ಲ. ಕಾಗದ, ಪೆನ್ಸಿಲ್ ಮತ್ತು ಸ್ವಲ್ಪ ತಾಳ್ಮೆ ಸಾಕು.

‘ಹುಳು’ ಎಂಬ ಹೆಸರು

ಕಂಪ್ಯೂಟರಿಗೆ ಕೊಡುವ ಆದೇಶಗಳ ಪಟ್ಟಿಗೆ ಪ್ರೋಗ್ರಾಂ ಅಥವಾ ಕ್ರಮವಿಧಿ ಎಂದು ಹೆಸರು. ಆ್ಯಪ್ ಎಂದರೆ ಮೊಬೈಲಿಗಾಗಿ ಬರೆದ ಕ್ರಮವಿಧಿ. ಅದರಲ್ಲಿರುವ ತಪ್ಪಿಗೆ ಇಂಗ್ಲಿಷಿನಲ್ಲಿ ‘ಬಗ್’ ಎನ್ನುತ್ತಾರೆ. ಬಗ್ ಎಂದರೆ ಹುಳು. ತಪ್ಪನ್ನು ಹುಡುಕಿ ತೆಗೆಯುವ ಕೆಲಸಕ್ಕೆ ‘ಡೀಬಗ್ಗಿಂಗ್’ ಎಂಬ ಹೆಸರಿದೆ. ಅಂದರೆ ಹುಳು ತೆಗೆಯುವುದು!

ಒಮ್ಮೆ ನಿಜವಾದ ಹುಳುವೇ ಕಂಪ್ಯೂಟರಿನೊಳಗೆ ಸಿಕ್ಕಿತ್ತು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ‘ಮಾರ್ಕ್ 2’ ಎಂಬ ದೊಡ್ಡ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡಲಿಲ್ಲ. ಅದರಲ್ಲಿ ‘ರಿಲೇ’ ಎಂಬ ಸಾವಿರಾರು ವಿದ್ಯುತ್ ಸ್ವಿಚ್ಚುಗಳಿದ್ದವು. ಒಂದೊಂದನ್ನೇ ಪರೀಕ್ಷಿಸುತ್ತಾ ಹೋದಾಗ ಒಂದು ರಿಲೇಯೊಳಗೆ ಪತಂಗ ಸಿಕ್ಕಿಕೊಂಡಿತ್ತು. ಅಲ್ಲಿದ್ದವರು ಅದನ್ನು ಹೊರತೆಗೆದು ದಿನಚರಿ ಪುಸ್ತಕದಲ್ಲಿ ಅಂಟಿಸಿ, ನಿಜವಾದ ಹುಳು ಸಿಕ್ಕಿದ್ದು ಇದೇ ಮೊದಲು ಎಂದು ತಮಾಷೆಯಾಗಿ ಬರೆದಿಟ್ಟರು. ಆ ಪುಟವನ್ನು ಅಮೆರಿಕದ ವಸ್ತುಸಂಗ್ರಹಾಲಯವೊಂದರಲ್ಲಿ ಕಾಪಾಡಿ ಇಟ್ಟಿದ್ದಾರೆ. ಮಾರ್ಕ್ 2 ತಂಡದಲ್ಲಿದ್ದ ಗ್ರೇಸ್ ಹಾಪರ್ ಎಂಬ ವಿಜ್ಞಾನಿ ಈ ಕತೆಯನ್ನು ಎಲ್ಲೆಡೆ ಹೇಳಿ ಪ್ರಸಿದ್ಧಗೊಳಿಸಿದರು.

ಆದರೆ ‘ಬಗ್’ ಎಂಬ ಮಾತು ಅದಕ್ಕಿಂತ ಹಳೆಯದು. ವಿದ್ಯುತ್ ದೀಪದ ಥಾಮಸ್ ಆಲ್ವಾ ಎಡಿಸನ್ 1878ರಲ್ಲೇ ಯಂತ್ರಗಳ ಸಣ್ಣಪುಟ್ಟ ದೋಷಗಳಿಗೆ ಈ ಪದ ಬಳಸಿದ್ದ.

ಪತಂಗ ಸಿಕ್ಕಿದ್ದಕ್ಕಿಂತ ಅದು ಹೇಗೆ ಸಿಕ್ಕಿತು ಎನ್ನುವುದನ್ನು ಗಮನಿಸಿ. ಯಾರೂ ಯಂತ್ರಕ್ಕೆ ತಟ್ಟಲಿಲ್ಲ. ಭಾಗ ಭಾಗವಾಗಿ ನೋಡುತ್ತಾ ಹೋದರು.

ಮೂರು ಬಗೆಯ ಹುಳುಗಳು

ಕ್ರಮವಿಧಿಯ ತಪ್ಪುಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಬರವಣಿಗೆಯ ತಪ್ಪು. ಆವರಣ ಚಿಹ್ನೆ ತೆರೆದವರು ಮುಚ್ಚುವುದನ್ನು ಮರೆತರೆ ಕಂಪ್ಯೂಟರ್ ಅಲ್ಲೇ ನಿಲ್ಲಿಸಿ, ಇಂಥ ಸಾಲಿನಲ್ಲಿ ತಪ್ಪಿದೆ ಎನ್ನುತ್ತದೆ. ಕೆಂಪು ಅಕ್ಷರದ ಆ ಸೂಚನೆ ಕಂಡು ಹೊಸಬರು ಹೆದರುತ್ತಾರೆ. ಹೆದರಬೇಕಿಲ್ಲ. ಅದು ಬೈಗುಳವಲ್ಲ, ದಾರಿ ತೋರುವ ಕೈಮರ.

ಎರಡನೆಯದು ಓಡುತ್ತಾ ಓಡುತ್ತಾ ಬಿದ್ದುಹೋಗುವ ತಪ್ಪು. ಆ್ಯಪ್ ತೆರೆಯುತ್ತದೆ, ಸ್ವಲ್ಪ ಹೊತ್ತು ಕೆಲಸವನ್ನೂ ಮಾಡುತ್ತದೆ, ಇದ್ದಕ್ಕಿದ್ದಂತೆ ಮುಚ್ಚಿಹೋಗುತ್ತದೆ.

ಮೂರನೆಯದು ಸದ್ದಿಲ್ಲದ ತಪ್ಪು. ಆ್ಯಪ್ ನಿಲ್ಲುವುದಿಲ್ಲ, ಮುಚ್ಚಿಹೋಗುವುದಿಲ್ಲ, ಸೂಚನೆಯನ್ನೂ ಕೊಡುವುದಿಲ್ಲ. ಉತ್ತರ ಕೊಡುತ್ತದೆ, ಆದರೆ ಆ ಉತ್ತರವೇ ತಪ್ಪು! ಮೂರರಲ್ಲಿ ಅಪಾಯಕಾರಿಯಾದದ್ದು ಇದೇ. ಏಕೆ? ಒಂದು ಉದಾಹರಣೆ ನೋಡೋಣ.

ಅಕ್ಕಿ ಎಲ್ಲಿ ಹೋಯಿತು?

ಶಾಲೆಯ ಬಿಸಿಯೂಟಕ್ಕೆ ಎಷ್ಟು ಅಕ್ಕಿ ಬೇಕು ಎಂದು ಲೆಕ್ಕ ಹಾಕುವ ಒಂದು ಆ್ಯಪ್ ಇದೆ ಎಂದು ಊಹಿಸಿಕೊಳ್ಳಿ. ನಿಯಮದಂತೆ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ. 6ರಿಂದ 8ನೇ ತರಗತಿಯ ಮಗುವಿಗೆ 150 ಗ್ರಾಂ. ಹಾಜರಿರುವ ಮಕ್ಕಳ ಸಂಖ್ಯೆ ಕೊಟ್ಟರೆ ಸಾಕು, ಆ್ಯಪ್ ಉತ್ತರ ಹೇಳುತ್ತದೆ.

7ನೇ ತರಗತಿಯವರೆಗೆ ಇರುವ ಒಂದು ಶಾಲೆಯಲ್ಲಿ ಇಂದಿನ ಹಾಜರಿ ಹೀಗಿದೆ:

1ನೇ ತರಗತಿ – 20
2ನೇ ತರಗತಿ – 18
3ನೇ ತರಗತಿ – 22
4ನೇ ತರಗತಿ – 20
5ನೇ ತರಗತಿ – 24
6ನೇ ತರಗತಿ – 26
7ನೇ ತರಗತಿ – 30

ಆ್ಯಪ್ ಹೇಳಿತು: 16.4 ಕಿ.ಗ್ರಾಂ. ಅಡುಗೆಯವರು ಅಷ್ಟೇ ಅಕ್ಕಿ ಅಳೆದು ಅನ್ನ ಮಾಡಿದರು. ಕೊನೆಯ ಸಾಲಿಗೆ ಬಡಿಸುವಷ್ಟರಲ್ಲಿ ಪಾತ್ರೆಯ ತಳ ಕಂಡಿತು. ಮಾರನೆಯ ದಿನವೂ ಅದೇ ಕತೆ. “ಅನ್ನ ಸಾಲುತ್ತಿಲ್ಲ” ಎಂದು ಅಡುಗೆಯವರು ಹೇಳಿದರೆ, “ಮೊಬೈಲ್ ಲೆಕ್ಕ ಹಾಕಿದೆಯಲ್ಲ, ತಪ್ಪಲು ಹೇಗೆ ಸಾಧ್ಯ?” ಎಂಬ ಉತ್ತರ ಬರಬಹುದು.

ಈಗ ತಿಳಿಯಿತೆ ಸದ್ದಿಲ್ಲದ ತಪ್ಪು ಏಕೆ ಅಪಾಯಕಾರಿ ಎಂದು? ಆ್ಯಪ್ ಮುಚ್ಚಿಹೋಗಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಹಳೆಯ ರೀತಿಯಲ್ಲಿ ಕೈಲೆಕ್ಕ ಹಾಕುತ್ತಿದ್ದರು. ತಪ್ಪು ಉತ್ತರವನ್ನು ಗಂಭೀರವಾಗಿ ಹೇಳಿದಾಗ ಎಲ್ಲರೂ ನಂಬಿಬಿಡುತ್ತಾರೆ. ಆಗ ನಷ್ಟವಾಗುವುದು ಊಟಕ್ಕೆ ಕುಳಿತ ಮಕ್ಕಳಿಗೆ.

ಬನ್ನಿ, ಈ ಹುಳುವನ್ನು ಹುಡುಕೋಣ.

ಹೆಜ್ಜೆ 1: ಉತ್ತರ ಎಷ್ಟಿರಬೇಕು?

ತಪ್ಪು ಇದೆ ಎಂದು ಹೇಳಬೇಕಾದರೆ ಸರಿ ಯಾವುದು ಎಂದು ಮೊದಲು ಗೊತ್ತಿರಬೇಕು. ಆದ್ದರಿಂದ ಕೈಯಲ್ಲೇ ಲೆಕ್ಕ ಮಾಡಿ.

1ರಿಂದ 5ನೇ ತರಗತಿಯವರೆಗೆ ಒಟ್ಟು 104 ಮಕ್ಕಳು. 104 × 100 = 10,400 ಗ್ರಾಂ.
6 ಮತ್ತು 7ನೇ ತರಗತಿಯಲ್ಲಿ 56 ಮಕ್ಕಳು. 56 × 150 = 8,400 ಗ್ರಾಂ.
ಒಟ್ಟು 18,800 ಗ್ರಾಂ, ಅಂದರೆ 18.8 ಕಿ.ಗ್ರಾಂ.

ಆ್ಯಪ್ ಹೇಳಿದ್ದು 16.4. ಕೊರತೆ 2.4 ಕಿ.ಗ್ರಾಂ. ಅಡುಗೆಯವರ ಮಾತೇ ನಿಜ!

ಹೆಜ್ಜೆ 2: ಮತ್ತೊಮ್ಮೆ ಮಾಡಿ ನೋಡಿ

ಅದೇ ಸಂಖ್ಯೆಗಳನ್ನು ಮತ್ತೆ ಕೊಡಿ. ಮತ್ತೆ 16.4 ಬಂದರೆ ಸಂತೋಷಪಡಿ. ತಪ್ಪು ಬಂದದ್ದಕ್ಕೆ ಸಂತೋಷವೇ? ಹೌದು. ಕರೆದಾಗಲೆಲ್ಲ ಬರುವ ಹುಳುವನ್ನು ಹಿಡಿಯುವುದು ಸುಲಭ. ಒಮ್ಮೆ ಬಂದು ಮತ್ತೊಮ್ಮೆ ಅಡಗಿಕೊಳ್ಳುವ ಹುಳುವೇ ಕಷ್ಟ. ಅಂಥದ್ದು ಎದುರಾದರೆ, ಅದು ಬಂದಾಗ ಏನೇನು ಇತ್ತು ಎಂದು ಬರೆದಿಡಬೇಕು. ನೆಟ್‌ವರ್ಕ್ ಇತ್ತೆ? ಫೋನಿನಲ್ಲಿ ಜಾಗ ಇತ್ತೆ? ಅಂದು ಯಾವ ತಾರೀಕು?

ಹೆಜ್ಜೆ 3: ಅರ್ಧ ಮಾಡಿ, ಅರ್ಧ ಮಾಡಿ

ಏಳು ತರಗತಿಗಳಲ್ಲಿ ತಪ್ಪು ಎಲ್ಲಿದೆ? ಎರಡು ಗುಂಪು ಮಾಡಿ. ಮೊದಲು 1ರಿಂದ 4ನೇ ತರಗತಿಯ ಸಂಖ್ಯೆಯನ್ನು ಮಾತ್ರ ಕೊಡಿ. 80 ಮಕ್ಕಳು, 8 ಕಿ.ಗ್ರಾಂ ಬರಬೇಕು. ಆ್ಯಪ್ ಕೂಡ 8 ಎಂದಿತು. ಹಾಗಾದರೆ ಇಲ್ಲಿ ತಪ್ಪಿಲ್ಲ. ಹುಳು ಇರುವುದು 5, 6, 7ರಲ್ಲಿ.

ಈಗ 6 ಮತ್ತು 7ನ್ನು ಮಾತ್ರ ಕೊಡಿ. 8.4 ಬರಬೇಕು, 8.4 ಬಂತು. ಉಳಿದದ್ದು 5ನೇ ತರಗತಿ ಒಂದೇ. ಅದನ್ನು ಮಾತ್ರ ಕೊಟ್ಟು ನೋಡಿ. 24 ಮಕ್ಕಳಿಗೆ 2.4 ಕಿ.ಗ್ರಾಂ ಬರಬೇಕು. ಆ್ಯಪ್ ಹೇಳಿತು: 0!

ಎಷ್ಟು ಬೇಗ ಸಿಕ್ಕಿತು ನೋಡಿ. ನಿಜವಾದ ಆ್ಯಪ್‌ಗಳಲ್ಲಿ ಸಾವಿರಾರು ಸಾಲುಗಳಿರುತ್ತವೆ. ಎಲ್ಲವನ್ನೂ ಮೊದಲಿನಿಂದ ಓದುತ್ತಾ ಕುಳಿತರೆ ದಿನಗಳೇ ಬೇಕು. ಅರ್ಧ ಮಾಡುತ್ತಾ ಹೋದರೆ? 1000 ಸಾಲು 500 ಆಗುತ್ತದೆ, 500 ಸಾಲು 250 ಆಗುತ್ತದೆ. ಹೀಗೆ ಹತ್ತೇ ಸಲದಲ್ಲಿ ಒಂದು ಸಾಲಿಗೆ ಬಂದು ನಿಲ್ಲುತ್ತೇವೆ.

ಹೆಜ್ಜೆ 4: ಊಹಿಸಬೇಡಿ, ಇಣುಕಿ ನೋಡಿ

ಕ್ರಮವಿಧಿ ಓಡುವಾಗ ಒಳಗೆ ಏನು ನಡೆಯುತ್ತಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಅದಕ್ಕಾಗಿ ಆ್ಯಪ್ ಬರೆಯುವವರು ನಡುನಡುವೆ ‘ಈಗ ಇಲ್ಲಿದ್ದೇನೆ, ನನ್ನ ಕೈಯಲ್ಲಿರುವ ಸಂಖ್ಯೆ ಇಷ್ಟು’ ಎಂದು ಬರೆದಿಡುವ ಆದೇಶಗಳನ್ನು ಸೇರಿಸುತ್ತಾರೆ. ಹೀಗೆ ಬರೆದಿಟ್ಟ ಸಾಲುಗಳಿಗೆ ‘ಲಾಗ್’ ಎಂದು ಹೆಸರು. ಹಡಗಿನ ನಾವಿಕರು ಬರೆಯುವ ದಿನಚರಿಗೂ ಇದೇ ಹೆಸರು.

ನಮ್ಮ ಬಿಸಿಯೂಟದ ಆ್ಯಪ್‌ನ ಲಾಗ್ ಹೀಗಿರಬಹುದು:

ತರಗತಿ 4, ಮಕ್ಕಳು 20, ಅಕ್ಕಿ 2000
ತರಗತಿ 5, ಮಕ್ಕಳು 24, ಅಕ್ಕಿ 0
ತರಗತಿ 6, ಮಕ್ಕಳು 26, ಅಕ್ಕಿ 3900

5ನೇ ತರಗತಿಯ 24 ಮಕ್ಕಳು ಆ್ಯಪ್‌ಗೆ ಗೊತ್ತಿದ್ದಾರೆ, ಆದರೆ ಅವರಿಗೆ ಅಕ್ಕಿಯಿಲ್ಲ. ಈಗ ಕ್ರಮವಿಧಿಯ ಆ ಭಾಗವನ್ನು ತೆರೆದು ನೋಡೋಣ:

ತರಗತಿ 5ಕ್ಕಿಂತ ಕಡಿಮೆ ಇದ್ದರೆ, ಮಗುವಿಗೆ 100 ಗ್ರಾಂ ಕೂಡಿಸು.
ತರಗತಿ 5ಕ್ಕಿಂತ ಹೆಚ್ಚು ಇದ್ದರೆ, ಮಗುವಿಗೆ 150 ಗ್ರಾಂ ಕೂಡಿಸು.

ಹುಳು ಕಂಡಿತೆ? 5 ಎಂಬುದು 5ಕ್ಕಿಂತ ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ! ಆದ್ದರಿಂದ 5ನೇ ತರಗತಿಯವರು ಯಾವ ಸಾಲಿಗೂ ಸೇರದೆ ಹೊರಗುಳಿದರು. ಬರೆದವರ ಮನಸ್ಸಿನಲ್ಲಿ ‘5ರವರೆಗೆ’ ಎಂದೇ ಇತ್ತು. ಆದರೆ ಬರೆದದ್ದು ಬೇರೆ. ಕಂಪ್ಯೂಟರ್ ನಮ್ಮ ಮನಸ್ಸನ್ನು ಓದಲಾರದು, ಬರೆದದ್ದನ್ನು ಮಾತ್ರ ಮಾಡುತ್ತದೆ. ಮೊದಲ ಸಾಲನ್ನು ‘ತರಗತಿ 5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ’ ಎಂದು ತಿದ್ದಿದರೆ 2.4 ಕಿ.ಗ್ರಾಂ ಅಕ್ಕಿ ಮರಳಿ ಬರುತ್ತದೆ.

ಹೆಜ್ಜೆ 5: ಒಂದು ಸಲಕ್ಕೆ ಒಂದೇ ಬದಲಾವಣೆ, ಮತ್ತೆ ಪೂರ್ತಿ ಪರೀಕ್ಷೆ

ಬೀಜ ಮೊಳೆಯಲು ನೀರು ಬೇಕೇ ಎಂದು ತಿಳಿಯುವ ಪ್ರಯೋಗ ನಿಮಗೆ ಗೊತ್ತಿದೆ. ಎರಡು ಬಟ್ಟಲುಗಳಲ್ಲಿ ಒಂದೇ ಬಗೆಯ ಬೀಜ ಹಾಕಿ, ಒಂದೇ ಕಡೆ ಇಟ್ಟು, ಒಂದಕ್ಕೆ ಮಾತ್ರ ನೀರು ಹಾಕುತ್ತೇವೆ. ನೀರನ್ನೂ ಬೆಳಕನ್ನೂ ಮಣ್ಣನ್ನೂ ಒಟ್ಟಿಗೆ ಬದಲಿಸಿದರೆ ಮೊಳಕೆ ಬರಲು ಕಾರಣ ಯಾವುದು ಎಂದು ತಿಳಿಯುವುದಿಲ್ಲ. ಆ್ಯಪ್‌ನಲ್ಲೂ ಹಾಗೆಯೇ. ಗಾಬರಿಯಲ್ಲಿ ಐದಾರು ಕಡೆ ತಿದ್ದಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಹೊಸದಾಗಿ ಕೆಟ್ಟಿತು ಎಂದು ಗೊತ್ತಾಗುವುದಿಲ್ಲ.

ತಿದ್ದಿದ ಮೇಲೆ ಎಲ್ಲ ತರಗತಿಗಳನ್ನೂ ಮತ್ತೆ ಪರೀಕ್ಷಿಸಬೇಕು. ಏಕೆ? ಯಾರೋ ಅವಸರದಲ್ಲಿ ಎರಡನೆಯ ಸಾಲನ್ನು ‘5 ಅಥವಾ ಅದಕ್ಕಿಂತ ಹೆಚ್ಚು’ ಎಂದು ತಿದ್ದಿದರೆನ್ನಿ. ಆಗ 5ನೇ ತರಗತಿಗೆ ತಲಾ 150 ಗ್ರಾಂ ಸಿಗುತ್ತದೆ. ಒಟ್ಟು 20 ಕಿ.ಗ್ರಾಂ. ಅನ್ನ ಕಡಿಮೆಯಾಗುವುದಿಲ್ಲವಾದ್ದರಿಂದ ಯಾರೂ ದೂರುವುದಿಲ್ಲ. ಆದರೆ ದಿನವೂ 1.2 ಕಿ.ಗ್ರಾಂ ಹೆಚ್ಚು ಖರ್ಚಾಗಿ, ತಿಂಗಳ ಕೊನೆಗೆ ದಾಸ್ತಾನು ಪುಸ್ತಕದ ಲೆಕ್ಕವೇ ತಾಳೆಯಾಗುವುದಿಲ್ಲ. ಒಂದು ಹುಳು ತೆಗೆದು ಇನ್ನೊಂದು ಬಿಟ್ಟಂತಾಯಿತು!

ಹುಳುಗಳಿಗೆ ಅಂಚು ಇಷ್ಟ

ನಮ್ಮ ಹುಳು ಎಲ್ಲಿ ಅಡಗಿತ್ತು? 100 ಗ್ರಾಂ ಮುಗಿದು 150 ಗ್ರಾಂ ಆರಂಭವಾಗುವ ಅಂಚಿನಲ್ಲಿ. ಇದು ಆಕಸ್ಮಿಕವಲ್ಲ. ಬಹಳಷ್ಟು ತಪ್ಪುಗಳು ಅಂಚಿನಲ್ಲೇ ಇರುತ್ತವೆ. ದೊಡ್ಡ ದೊಡ್ಡ ಕಂಪನಿಗಳಿಗೂ ಇದು ತಪ್ಪಿದ್ದಲ್ಲ.

ಮೈಕ್ರೋಸಾಫ್ಟ್ ಕಂಪನಿ 2006ರಲ್ಲಿ ‘ಝೂನ್’ ಎಂಬ, ಜೇಬಿನಲ್ಲಿ ಇಟ್ಟುಕೊಂಡು ಹಾಡು ಕೇಳುವ ಸಾಧನವನ್ನು ಮಾರಾಟಕ್ಕೆ ತಂದಿತು. ಎರಡು ವರ್ಷ ಅದು ಚೆನ್ನಾಗಿಯೇ ಹಾಡಿತು. 2008ರ ಡಿಸೆಂಬರ್ 31ರಂದು, ಆ ಮಾದರಿಯ ಸಾವಿರಾರು ಝೂನ್‌ಗಳು ಒಂದೇ ದಿನ ಸ್ತಬ್ಧವಾದವು! ಯಾವ ಗುಂಡಿ ಒತ್ತಿದರೂ ಮಿಸುಕಲಿಲ್ಲ.

ಕಾರಣವೇನು? 2008 ಅಧಿಕ ವರ್ಷ. ಅಂದರೆ ಆ ವರ್ಷಕ್ಕೆ 366 ದಿನ. ಡಿಸೆಂಬರ್ 31 ಎಂದರೆ 366ನೆಯ ದಿನ. ಝೂನ್‌ನ ಗಡಿಯಾರ ಒಟ್ಟು ದಿನಗಳ ಸಂಖ್ಯೆಯಿಂದ ವರ್ಷ ಕಂಡುಹಿಡಿಯುತ್ತಿತ್ತು. ಅದಕ್ಕೆ ಕೊಟ್ಟಿದ್ದ ಆದೇಶಗಳನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು:

ಅ) ದಿನಗಳು 365ಕ್ಕಿಂತ ಹೆಚ್ಚು ಇರುವವರೆಗೆ ಮುಂದಿನ ಕೆಲಸವನ್ನು ಮತ್ತೆ ಮತ್ತೆ ಮಾಡು.
ಆ) ಅಧಿಕ ವರ್ಷವಾಗಿದ್ದು, ದಿನಗಳು 366ಕ್ಕಿಂತ ಹೆಚ್ಚಿದ್ದರೆ 366 ಕಳೆ, ವರ್ಷಕ್ಕೆ 1 ಕೂಡಿಸು.
ಇ) ಅಧಿಕ ವರ್ಷವಲ್ಲದಿದ್ದರೆ 365 ಕಳೆ, ವರ್ಷಕ್ಕೆ 1 ಕೂಡಿಸು.

ದಿನ ಸರಿಯಾಗಿ 366 ಇದ್ದಾಗ ಏನಾಗುತ್ತದೆ? ನೀವೇ ಕಂಪ್ಯೂಟರ್ ಎಂದುಕೊಂಡು ಬೆರಳಿಟ್ಟು ಓದಿ. 366 ಎಂಬುದು 365ಕ್ಕಿಂತ ಹೆಚ್ಚು, ಆದ್ದರಿಂದ ಒಳಗೆ ಹೋಗಬೇಕು. ಅಧಿಕ ವರ್ಷ ಹೌದು, ಆದರೆ 366 ಎಂಬುದು 366ಕ್ಕಿಂತ ಹೆಚ್ಚಲ್ಲ. ಹಾಗಾಗಿ ಏನನ್ನೂ ಕಳೆಯುವಂತಿಲ್ಲ. ‘ಇ’ ಆದೇಶ ಈ ವರ್ಷಕ್ಕೆ ಅನ್ವಯಿಸುವುದೇ ಇಲ್ಲ. ಮತ್ತೆ ಮೊದಲಿಗೆ ಬಂದರೆ ದಿನ ಇನ್ನೂ 366. ಮತ್ತೆ ಒಳಗೆ, ಮತ್ತೆ ಹೊರಗೆ. ಗಾಣದ ಎತ್ತಿನಂತೆ ಸುತ್ತಿದ್ದೇ ಸುತ್ತಿದ್ದು! ನಿಂತುಹೋದಂತೆ ಕಾಣುತ್ತಿದ್ದ ಝೂನ್ ಒಳಗೆ ಬಿಡುವಿಲ್ಲದೆ ಇದೇ ಲೆಕ್ಕ ಮಾಡುತ್ತಿತ್ತು.

ಕಂಪನಿ ಕೊಟ್ಟ ಪರಿಹಾರ ಸರಳವಾಗಿತ್ತು. ಬ್ಯಾಟರಿ ಪೂರ್ತಿ ಖಾಲಿಯಾಗಲಿ, ಜನವರಿ 1ರ ಮಧ್ಯಾಹ್ನದ ಮೇಲೆ ಚಾರ್ಜ್ ಮಾಡಿ ಹಚ್ಚಿ ಎಂದಿತು. ಅಷ್ಟರಲ್ಲಿ 366ನೆಯ ದಿನ ಕಳೆದಿರುತ್ತದೆ. ಆದರೆ ಹುಳು ಒಳಗೇ ಇತ್ತಲ್ಲವೇ? ಆರಿಸಿ ಹಚ್ಚುವುದರಿಂದ ತೊಂದರೆ ಹೋಗಬಹುದು, ಕಾರಣ ಹೋಗುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ನಮ್ಮ 5ನೇ ತರಗತಿಯ ಹುಳುವಿಗೂ ಝೂನ್‌ನ ಹುಳುವಿಗೂ ಏನು ಸಂಬಂಧ? ಎರಡೂ ಒಂದೇ ಜಾತಿ! ‘ಹೆಚ್ಚು’ ಎಂದು ಬರೆದವರು ‘ಸಮ’ ಇದ್ದರೆ ಏನು ಮಾಡಬೇಕು ಎಂದು ಯೋಚಿಸಿರಲಿಲ್ಲ.

ಆದ್ದರಿಂದ ಆ್ಯಪ್ ಪರೀಕ್ಷಿಸುವವರು ಅಂಚುಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಸಂಖ್ಯೆ ಸೊನ್ನೆಯಾದರೆ? ಹೆಸರಿನ ಜಾಗ ಖಾಲಿ ಬಿಟ್ಟರೆ? ಫೆಬ್ರವರಿ 29 ಬಂದರೆ? ವರ್ಷದ ಕೊನೆಯ ದಿನವಾದರೆ?

“ನನ್ನ ಫೋನಿನಲ್ಲಿ ಸರಿಯಾಗಿದೆಯಲ್ಲ!”

ಆ್ಯಪ್ ಬರೆಯುವವರು ಆಗಾಗ ಹೇಳುವ ಮಾತಿದು. ನಿಜವೂ ಇರುತ್ತದೆ. ಅವರ ಫೋನು ಹೊಸದು, ಪರದೆ ದೊಡ್ಡದು, ಇಂಟರ್ನೆಟ್ ವೇಗವಾಗಿದೆ. ಅದೇ ಆ್ಯಪ್ ಗುಡ್ಡದ ಮರೆಯ ಊರಿಗೆ ಬಂದರೆ? ಅಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬೇಕು, ಬಾರದಿದ್ದರೆ ಏನು ಮಾಡಬೇಕು ಎಂದು ಕ್ರಮವಿಧಿಯಲ್ಲಿ ಬರೆಯದಿದ್ದರೆ ಆ್ಯಪ್ ಕಾಯುತ್ತಲೇ ಇರುತ್ತದೆ. ನೀವು ನೋಡುವ ತಿರುಗುವ ಚಕ್ರ ಎಷ್ಟೋ ಸಲ ಇದೇ.

ಫೋನುಗಳಲ್ಲೂ ಸಾವಿರ ಬಗೆ. ಕೆಲವದರಲ್ಲಿ ಜಾಗ ಕಡಿಮೆ, ಕೆಲವದರ ಒಳಗಿನ ಮೂಲ ತಂತ್ರಾಂಶ ಹಳೆಯದು, ಕೆಲವರು ಕಣ್ಣಿಗೆ ಕಾಣಲೆಂದು ಅಕ್ಷರಗಳನ್ನು ದೊಡ್ಡದು ಮಾಡಿಕೊಂಡಿರುತ್ತಾರೆ. ಆಗ ‘ಕಳಿಸು’ ಎಂಬ ಗುಂಡಿಯೇ ಪರದೆಯ ಕೆಳಗೆ ಜಾರಿಹೋಗಬಹುದು! ಆದ್ದರಿಂದ ಒಳ್ಳೆಯ ತಂಡಗಳು ಹಳೆಯ, ಅಗ್ಗದ ಫೋನುಗಳಲ್ಲೂ ಪರೀಕ್ಷಿಸುತ್ತವೆ. ಬೇಕೆಂದೇ ಇಂಟರ್ನೆಟ್ ಆರಿಸಿ ನೋಡುತ್ತವೆ.

ಕನ್ನಡದ ಅಕ್ಷರ ಎಣಿಸಿ ನೋಡಿ

‘ಲಕ್ಷ್ಮಿ’ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರ? ಎರಡು ಎನ್ನುತ್ತೀರಿ. ಲ, ಕ್ಷ್ಮಿ. ಮೊಬೈಲನ್ನು ಕೇಳಿದರೆ ಏಳು ಎನ್ನುತ್ತದೆ!

ಕಂಪ್ಯೂಟರುಗಳು ಜಗತ್ತಿನ ಎಲ್ಲ ಲಿಪಿಗಳಿಗೆ ‘ಯೂನಿಕೋಡ್’ ಎಂಬ ಒಂದೇ ಪದ್ಧತಿ ಬಳಸುತ್ತವೆ. ಅದರಲ್ಲಿ ಪ್ರತಿ ವ್ಯಂಜನಕ್ಕೂ ಪ್ರತಿ ಚಿಹ್ನೆಗೂ ಪ್ರತ್ಯೇಕ ಸಂಖ್ಯೆ ಇದೆ. ಲಕ್ಷ್ಮಿ ಎಂದು ಬರೆಯಲು ಲ, ಕ, ಅರ್ಧಾಕ್ಷರದ ಚಿಹ್ನೆ, ಷ, ಮತ್ತೆ ಅರ್ಧಾಕ್ಷರದ ಚಿಹ್ನೆ, ಮ, ಗುಡಿಸು ಹೀಗೆ ಏಳು ಸಂಕೇತ ಬೇಕು. ಹೆಸರಿಗೆ ಐದೇ ಸಂಕೇತ ಸಾಕು ಎಂದು ಆ್ಯಪ್ ಕತ್ತರಿಸಿದರೆ ‘ಲಕ್ಷ್’ ಮಾತ್ರ ಉಳಿಯುತ್ತದೆ. ಇಂಗ್ಲಿಷಿನ ಚಿಕ್ಕ ಹೆಸರುಗಳನ್ನು ಮಾತ್ರ ಪರೀಕ್ಷಿಸಿದವರಿಗೆ ಈ ಹುಳು ಕಾಣುವುದೇ ಇಲ್ಲ. ಹಾಗೆಯೇ 24 ಎಂಬಲ್ಲಿ ‘೨೪’ ಎಂದು ಕನ್ನಡ ಅಂಕಿ ಕೊಟ್ಟರೆ ಕೆಲವು ಆ್ಯಪ್‌ಗಳು ತಬ್ಬಿಬ್ಬಾಗುತ್ತವೆ.

ನಮ್ಮ ನೆರೆಯ ತೆಲುಗು ಲಿಪಿ ಒಮ್ಮೆ ಜಗತ್ತಿನಾದ್ಯಂತ ಸುದ್ದಿಯಾಯಿತು. 2018ರ ಫೆಬ್ರವರಿಯಲ್ಲಿ ಆಪಲ್ ಕಂಪನಿಯ ಐಫೋನುಗಳಿಗೆ ತೆಲುಗಿನ ‘ಜ್ಞಾ’ ಎಂಬ ಅಕ್ಷರ ಒಂದು ವಿಶೇಷ ಜೋಡಣೆಯಲ್ಲಿ ಬಂದರೆ, ಅದನ್ನು ತೋರಿಸಲು ಹೋದ ಆ್ಯಪ್ ಬಿದ್ದುಹೋಗುತ್ತಿತ್ತು. ಆ ಜೋಡಣೆಯಲ್ಲಿ ಐದು ಸಂಕೇತಗಳಿದ್ದವು: ಜ, ಅರ್ಧಾಕ್ಷರದ ಚಿಹ್ನೆ, ಞ, ಕಣ್ಣಿಗೆ ಕಾಣದ ಒಂದು ಸಂಕೇತ, ಮತ್ತು ‘ಆ’ ಸ್ವರದ ಚಿಹ್ನೆ. ಬೇರೆ ಬೇರೆ ಜೋಡಣೆಗಳನ್ನು ಒಂದೊಂದಾಗಿ ಪರೀಕ್ಷಿಸಿದವರಿಗೆ, ಬಂಗಾಳಿ ಮತ್ತು ದೇವನಾಗರಿ ಲಿಪಿಗಳ ಕೆಲವು ಜೋಡಣೆಗಳಿಂದಲೂ ಹೀಗೇ ಆಗುತ್ತದೆ ಎಂದು ತಿಳಿಯಿತು. ಅದೇ ತಿಂಗಳು ಕಂಪನಿ ತಿದ್ದಿದ ತಂತ್ರಾಂಶವನ್ನು ಎಲ್ಲ ಫೋನುಗಳಿಗೂ ಕಳಿಸಿತು.

ಆ ಅಕ್ಷರದಲ್ಲಿ ದೋಷವೇನೂ ಇರಲಿಲ್ಲ. ಅದನ್ನು ಪರದೆಯ ಮೇಲೆ ಬಿಡಿಸುವ ಕ್ರಮವಿಧಿ ಅಂಥ ಜೋಡಣೆಗೆ ಸಿದ್ಧವಾಗಿರಲಿಲ್ಲ. ನಮ್ಮ ಭಾಷೆಗಳನ್ನು ಬಲ್ಲವರು ಆ್ಯಪ್ ಬರೆಯಬೇಕು, ಪರೀಕ್ಷಿಸಬೇಕು ಎನ್ನುವುದು ಇದಕ್ಕೇ. ನಾಳೆ ಅಂಥವರು ನೀವೇ ಆಗಬಹುದು.

ದೂರು ಹೇಳುವುದೂ ಒಂದು ವಿದ್ಯೆ

ಆ್ಯಪ್ ಕೆಟ್ಟಾಗ “ಸರಿಯಿಲ್ಲ” ಎಂದಷ್ಟೇ ಹೇಳಿದರೆ ಬರೆದವರಿಗೆ ಏನೂ ತಿಳಿಯುವುದಿಲ್ಲ. ವೈದ್ಯರ ಬಳಿ “ಹುಷಾರಿಲ್ಲ” ಎಂದು ಸುಮ್ಮನೆ ಕುಳಿತಂತೆ! ಮೂರು ಮಾತು ಹೇಳಬೇಕು: ನಾನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು.

“5ನೇ ತರಗತಿ ಎಂದು ಒತ್ತಿ 24 ಎಂದು ಕೊಟ್ಟೆ. 2.4 ಕಿ.ಗ್ರಾಂ ಬರಬೇಕಿತ್ತು. 0 ಬಂತು. ಮೂರು ಸಲ ಮಾಡಿದೆ, ಮೂರು ಸಲವೂ ಹೀಗೇ.” ಇಷ್ಟು ಬರೆದರೆ ಅರ್ಧ ಹುಳು ಹಿಡಿದಂತೆಯೇ.

ಮಕ್ಕಳೇ, ಮೊಬೈಲ್ ತಪ್ಪು ಮಾಡುವುದಿಲ್ಲ ಎಂದು ಯಾರಾದರೂ ಹೇಳಿದರೆ 5ನೇ ತರಗತಿಯ ಆ 24 ಮಕ್ಕಳನ್ನು ನೆನಪಿಸಿಕೊಳ್ಳಿ. ಯಂತ್ರದ ಲೆಕ್ಕವನ್ನೂ ಪ್ರಶ್ನಿಸಬಹುದು, ಕೈಲೆಕ್ಕದಿಂದ ತಾಳೆ ನೋಡಬಹುದು. ಪಾತ್ರೆಯ ತಳ ಕಂಡವರ ಮಾತಿಗೆ ಪರದೆಯ ಮೇಲಿನ ಸಂಖ್ಯೆಯಷ್ಟೇ ಬೆಲೆ ಕೊಡಬೇಕು. ವಿಜ್ಞಾನ ನಮಗೆ ಕಲಿಸುವುದೂ ಇದನ್ನೇ ಅಲ್ಲವೇ?

ನೀವೇ ಮಾಡಿ ನೋಡಿ

1. ಸ್ನೇಹಿತರೊಬ್ಬರು 1ರಿಂದ 100ರೊಳಗೆ ಒಂದು ಸಂಖ್ಯೆ ನೆನೆದುಕೊಳ್ಳಲಿ. ನೀವು “50ಕ್ಕಿಂತ ಹೆಚ್ಚೇ?” ಎಂಬಂಥ ಪ್ರಶ್ನೆ ಮಾತ್ರ ಕೇಳಬೇಕು. ಪ್ರತಿ ಸಲ ಉಳಿದ ಸಂಖ್ಯೆಗಳನ್ನು ಅರ್ಧ ಮಾಡಿ. ಹೆಚ್ಚೆಂದರೆ 7 ಪ್ರಶ್ನೆಗಳಲ್ಲಿ ಸಂಖ್ಯೆ ಸಿಗುತ್ತದೆ.

2. ಒಬ್ಬರು ‘ಕಂಪ್ಯೂಟರ್’ ಆಗಲಿ. ಬಾಗಿಲಿನಿಂದ ಕಪ್ಪುಹಲಗೆಯವರೆಗೆ ಹೋಗಿ ಸೀಮೆಸುಣ್ಣ ತರಲು ಬೇಕಾದ ಆದೇಶಗಳನ್ನು ಉಳಿದವರು ಚೀಟಿಯಲ್ಲಿ ಬರೆದುಕೊಡಲಿ. ‘ಕಂಪ್ಯೂಟರ್’ ಚೀಟಿಯಲ್ಲಿ ಇದ್ದಷ್ಟನ್ನೇ ಮಾಡಬೇಕು. ಎಲ್ಲಿ ತಪ್ಪಿತು? ಒಂದೇ ಆದೇಶ ತಿದ್ದಿ ಮತ್ತೆ ನಡೆಸಿ.

3. ಈ ಆದೇಶಗಳಲ್ಲಿ ಹುಳು ಎಲ್ಲಿದೆ?
ಅ) ತೇರ್ಗಡೆಗೆ ಕನಿಷ್ಠ 35 ಅಂಕ ಬೇಕು. ಆದೇಶ: ‘ಅಂಕ 35ಕ್ಕಿಂತ ಹೆಚ್ಚಿದ್ದರೆ ತೇರ್ಗಡೆ ಎಂದು ಬರೆ.’
ಆ) ಆದೇಶ: ‘ಗಿಡಗಳ ಒಟ್ಟು ಎತ್ತರವನ್ನು ಗಿಡಗಳ ಸಂಖ್ಯೆಯಿಂದ ಭಾಗಿಸಿ ಸರಾಸರಿ ತೋರಿಸು.’
ಇ) ಆದೇಶ: ‘ಪ್ರತಿ ವರ್ಷ ಹುಟ್ಟಿದ ತಾರೀಕು ಬಂದಾಗ ಶುಭಾಶಯ ಹೇಳು.’

ಉತ್ತರಗಳು: ಅ) ಸರಿಯಾಗಿ 35 ಪಡೆದವರು ಹೊರಗುಳಿಯುತ್ತಾರೆ. ಆ) ಒಂದೂ ಗಿಡ ಇಲ್ಲದಿದ್ದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಅದು ಸಾಧ್ಯವಿಲ್ಲ. ಇ) ಫೆಬ್ರವರಿ 29ರಂದು ಹುಟ್ಟಿದವರಿಗೆ ಬಹುತೇಕ ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಶುಭಾಶಯ!